ತಳವಿಲ್ಲದ ಬಕೆಟ್ಟು

ತಪ್ಪು ನನ್ನದೇ, ಒಪ್ಪಿಕೊಂಡೇ ಶುರುಮಾಡುತ್ತೇನೆ.
ನೆಟ್ಟವಳು ನಾನು.
ಭಾನುವಾರದ ಕುರಿಮಾಂಸಕ್ಕೆ ಹಿಡಿ ಸೊಪ್ಪಿರಲಿ ಅಂತ
ಕಾರ್ನಾರ್ವನ್ ಸಂತೆಯಲ್ಲಿ ಕೊಂಡದ್ದು ಒಂದೇ ಕಡ್ಡಿ,
ಬೆರಳುದ್ದ, ಬಾಡಿದ್ದು.
ಮಾರಿದ ಮುದುಕಿ ಹೇಳಿದ್ದಳು: ಬಕೆಟ್ಟಿನಲ್ಲಿ ನೆಡು,
ಬರಿನೆಲಕ್ಕೆ ಬಿಡಬೇಡ.
ಬಕೆಟ್ಟಿನಲ್ಲೇ ನೆಟ್ಟೆ.
ಬಕೆಟ್ಟಿಗೆ ತಳವಿರಲಿಲ್ಲ.
ಅದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಬೆರಳು ಕೊಟ್ಟರೆ ಹಸ್ತ ನುಂಗುವವರನ್ನು ಕಂಡಿದ್ದೇನೆ,
ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು,
ತಮ್ಮನ ಹೆಸರು ಹೇಳಿ ಎರಡನೇ ಸಲ ತಟ್ಟೆಯೊಡ್ಡುವ ಹುಡುಗರನ್ನು ಬಲ್ಲೆ.
ಈ ಪುದೀನದಂಥದ್ದನ್ನು ಕಂಡಿರಲಿಲ್ಲ.
ಮೊದಲ ವರ್ಷ ಮೂಲೆಯಲ್ಲಿ ಮುದುಡಿ ಕೂತಿತು,
ನೆಂಟರ ಮನೆಗೆ ಬಂದ ಮಗುವಿನ ಹಾಗೆ.
ಮರುವರ್ಷ ಸ್ಟ್ರಾಬೆರಿ ಪಾತಿಗೆ ಮೂಗು ತೂರಿಸಿತು.
ಮೂರನೇ ವರ್ಷ
ಕಾಲುದಾರಿಯ ಸ್ಲೇಟುಕಲ್ಲಿನ ಸಂದಿಯಿಂದ ಎದ್ದು ನಿಂತು
ಯಾರು ಬೇಕಿತ್ತು, ಎಂದು ನನ್ನನ್ನೇ ಕೇಳಿತು.

ಕುದಿನೀರು ಹೊಯ್ದೆ. ಉಪ್ಪು ಹಾಕಿದೆ.
ಎರಡು ಚಳಿಗಾಲ ಹಳೇ ಕಂಬಳಿ ಹೊದಿಸಿ ಮೇಲೆ ಕಲ್ಲಿಟ್ಟೆ,
ಬೆಚ್ಚಗೆ ಮಲಗಿ ಎದ್ದು ಬಂತು.
ಕಿತ್ತು ತಿಂದು ಮುಗಿಸೋಣವೆಂದರೆ
ಸಾಸು, ಜೆಲ್ಲಿ, ಚಹಾ, ಮತ್ತೆ ಸಾಸು.
ಅಂಚೆಯವನು ಈಗ ಗೇಟಿನಲ್ಲಿ ನಿಲ್ಲುವುದಿಲ್ಲ,
ಇನ್ನೊಂದು ಬಾಟಲಿ ಕೊಟ್ಟೇನೆಂಬ ಭಯ.

ಗೋಡೆಯಾಚೆ ಮೈರಿಗ್.
ಕಲ್ಲುಗಣಿ ಮುಚ್ಚಿದ ಮೇಲೆ ಅವನು ಬದುಕಿರುವುದೇ ಲೀಕಿಗಾಗಿ.
ಈರುಳ್ಳಿಯ ದಾಯಾದಿ ಅದು; ತೋಳುದ್ದ, ಬಿಳಿ ಕಾಲು.
ಬಿಸಿಲು ಸೋಕದಂತೆ ಪೈಪಿನೊಳಗೆ ಬೆಳೆಸುತ್ತಾನೆ,
ರಾತ್ರಿ ಟಾರ್ಚು ಹಿಡಿದು ಬಸವನಹುಳು ಹೆಕ್ಕುತ್ತಾನೆ.
ಸೆಪ್ಟೆಂಬರಿನ ಪ್ರದರ್ಶನದಲ್ಲಿ ಆರು ವರ್ಷ ಮೊದಲ ಬಹುಮಾನ.
ಏಳನೇ ವರ್ಷ ಮೂರನೆಯದು.
ಪೈಪು ಬಿಚ್ಚಿದರೆ ಆ ಬಿಳಿ ಕಾಲಿಗೆ
ಗೆಜ್ಜೆಯ ಹಾಗೆ ಸುತ್ತಿಕೊಂಡಿತ್ತಂತೆ ನನ್ನ ಬೇರು.
ತೀರ್ಪುಗಾರ ಮೂಸಿ ನೋಡಿದನಂತೆ.

ಅಲ್ಲಿಗೆ ಮಾತು ನಿಂತಿತು. ಒಂಬತ್ತು ವರ್ಷ.
ಚಾಪೆಲ್ಲಿನಲ್ಲಿ ಅವನು ಎಡಗಡೆಯ ಬೆಂಚು, ನಾನು ಬಲ.
ಕಿತ್ತ ಪುದೀನವನ್ನೆಲ್ಲ ಗೋಡೆಯ ಮೇಲಿಂದ ಇತ್ತ ಎಸೆಯುತ್ತಾನೆ,
ಬಿದ್ದಲ್ಲೇ ಬೇರು ಬಿಡುತ್ತದೆ.
ಬೇರೆ ಯಾರಿಂದಲೂ ನನಗೆ ಇಷ್ಟು ತಪ್ಪದೆ ಕಾಗದ ಬಂದಿಲ್ಲ.

ಈ ಮಾರ್ಚಿಯಲ್ಲಿ, ಜಿನುಗು ಮಳೆಯಲ್ಲಿ,
ಮಂಡಿಯೂರಿ ಅಗೆಯುತ್ತಿದ್ದವಳಿಗೆ ಸಿಕ್ಕಿತು ತಾಯಿಬೇರು.
ಪೆನ್ಸಿಲ್ ದಪ್ಪ, ಗಂಟುಗಂಟು,
ಮಣ್ಣು ಬಿಡಿಸುತ್ತ ಹಿಂದೆಯೇ ಹೋದೆ,
ಗೋಡೆಯ ಬುಡದಲ್ಲಿ ನುಸುಳಿತು.
ಎಳೆದೆ. ಬರಲಿಲ್ಲ.
ಇನ್ನೂ ಜೋರಾಗಿ ಎಳೆದೆ.
ಅದು ನನ್ನನ್ನು ಎಳೆಯಿತು.

ಬೇರಿಗೆ ಕೈಯಿಲ್ಲ, ನನಗೆ ಗೊತ್ತು.
ಆಚೆಯಿಂದ ಕೆಮ್ಮು.
ಸ್ಲೇಟಿನ ಧೂಳಿನ ಕೆಮ್ಮು, ಬೀದಿಗೆಲ್ಲ ಗೊತ್ತಿರುವುದು.
ನಾನು ಬಿಡಲಿಲ್ಲ. ಅವನೂ.
ಮಳೆ ಕುತ್ತಿಗೆಯೊಳಗೆ ಇಳಿಯಿತು,
ಮಂಡಿ ನೆಲಕ್ಕೆ ಇಳಿಯಿತು,
ಮೀನು ಕಚ್ಚಿದ ಗಾಳದ ದಾರದಂತೆ ಬೇರು ನಡುಗುತ್ತಿತ್ತು,
ನಡುಕ ಯಾರ ಕೈಯದೋ.

ಎಲಿನೆಡ್, ಅಂದಿತು ಗೋಡೆ.
ಏನು?
ಬಿಡು.
ನೀನು ಬಿಡು.

ಇಷ್ಟೇ ಮಾತು.
ಆಮೇಲೆ ಟಪ್ಪೆಂದು ತುಂಡಾಗಿ
ನಾನು ಸ್ಟ್ರಾಬೆರಿಯೊಳಗೆ ಅಂಗಾತ.
ಆಚೆಯೂ ಏನೋ ದೊಪ್ಪೆಂದಿತು,
ಆಮೇಲೊಂದು ಸದ್ದು, ಬಹಳ ಹೊತ್ತು.
ಕೆಮ್ಮೋ ನಗುವೋ, ಗೋಡೆಯ ಈಚೆಯಿಂದ ಹೇಳಲಾರೆ.

ಮುಷ್ಟಿ ಬಿಚ್ಚಿದರೆ ಗೇಣುದ್ದದ ತುಂಡು, ಏಳು ಗಂಟು.
ಅವನ ಪಾಲಿಗೂ ಅಷ್ಟಿರಬಹುದು.
ಒಂದು ಗಂಟಿಗೆ ಒಂದು ಗಿಡ.
ಸುಡಬೇಕು ಇದನ್ನು, ಎಂದು ಏಪ್ರನ್ನಿನ ಜೇಬಿಗಿಟ್ಟು
ಹಿತ್ತಲು ದಾಟಿ ಮೆಲ್ಲಗೆ ಒಳಗೆ ಬಂದೆ.
ಜೇಬು ಹರಿದಿರುವುದು
ಒಲೆಯ ಮುಂದೆ ಕೈ ಹಾಕಿದಾಗ ಗೊತ್ತಾಯಿತು.