ಚಾವಿ ತಿರುಗಿಸುವ ಮುನ್ನ

ಬಣ್ಣಾರಿಯ ಗೇಟು ತೆಗೆಯುವುದು ಬೆಳಿಗ್ಗೆ ಆರಕ್ಕೆ.
ಅಲ್ಲಿಂದ ಇಪ್ಪತ್ತೇಳು ತಿರುವು, ಎರಡನೇ ಗೇರು.
ಮೇಟುಪಾಳ್ಯದಲ್ಲಿ ಕೋಸಿಳಿಸಿದ ವ್ಯಾನು
ಬರಿಗೈಲಿ ಏರುವುದಿಲ್ಲ: ಗೊಬ್ಬರ, ಸಿಮೆಂಟು,
ಒಂದು ಸಲ ಯಾರದೋ ಮದುವೆಯ ಬೀರು,
ಕನ್ನಡಿಯಲ್ಲಿ ಇಡೀ ಕಾಡು ಕುಲುಕುತ್ತಿತ್ತು.

ದಿಂಬದ ಚಾ ಅಂಗಡಿಯ ಮುಂದೆ ನಿಲ್ಲಿಸಿದರೂ
ಇಳಿಯುವಂತಿಲ್ಲ, ಎಂಜಿನ್ ಬಂದ್ ಮಾಡುವಂತಿಲ್ಲ.
ಎರಡು ನಿಮಿಷ.
ಇದು ಮುರುಗೇಶಾಚಾರಿಯ ಕಟ್ಟಪ್ಪಣೆ.

ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಷೆಡ್ಡು,
ಅವನಪ್ಪ ಗಾಡಿಗಾಲಿಗೆ ಪಟ್ಟಾ ಕಾಯಿಸುತ್ತಿದ್ದ ಕುಲುಮೆಯ ಜಾಗ.
ತೊಲೆಯಲ್ಲಿ ಈಗಲೂ ತೂಗುತ್ತದೆ ಕೀಲೆಣ್ಣೆಯ ಬಿದಿರು ಗೊಟ್ಟ.
ಒಣಗಿ ಇಪ್ಪತ್ತು ವರ್ಷ. ಮುಟ್ಟಿ ನೋಡಿ, ಬೆರಳು ಕಪ್ಪು.

‘ಒಳಗೊಂದು ಬುಗುರಿ ಅದ’ ಅಂದಿದ್ದ ಮೊದಲ ದಿನ,
‘ನಿಮಿಷಕ್ಕೆ ಲಕ್ಷ ಸುತ್ತು ತಿರುಗೋ ಬುಗುರಿ.
ಎಣ್ಣೆ ಮೇಲೆ ತೇಲ್ತದ, ಕಬ್ಬಿಣ ಕಬ್ಬಿಣವ ಮುಟ್ಟದೆ.
ಏರಿ ಬಂದೇಟಿಗೆ ನೀ ಚಾವಿ ಕಿತ್ತೆ ಅನ್ನು,
ಎಣ್ಣೆ ನಿಂತೋಯ್ತದ.
ನಿಂಗೆ ಚಾ ಬೇಕು ಅಂತ ಬುಗುರಿಗೆ ಗೊತ್ತಾ?
ಅದು ತಿರುಗ್ತಲೇ ಇರ್ತದ, ಕೆಂಡದಂಗೆ, ಒಣ ಬಾಯಲ್ಲಿ.’

ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ನೂರು ಪುಟದ ನೋಟು.
ಅಂಕಿ ನನ್ನದು, ಸಹಿ ಆಚಾರಿಯ ತಮಿಳು,
ಉಳಿದದ್ದು ದುಂಡಮ್ಮನ ದುಂಡು ಕನ್ನಡ:
ಎಂಜಿನ್ ಆಯಿಲು. ಗಾಳಿ ಫಿಲ್ಟರು ಕೊಡವಿದ್ದು.
ಡೀಸೆಲ್ಲಿನಿಂದ ನೀರು ಬಸಿದದ್ದು, ಅರ್ಧ ಲೋಟ.
ಕೋಸು ಕಿಲೋಗೆ ಎರಡು ರೂಪಾಯಿಗಿಳಿದ ವರ್ಷ
ಒಂದು ಸಾಲು ಖಾಲಿ.
ಎಳ್ಳೆಣ್ಣೆಯಂತೆ ಹೊಯ್ದದ್ದು ಆಮೇಲೆ
ಹುಣಸೆ ಗೊಜ್ಜಿನಂತೆ ಇಳಿಯಿತು ಬಾಂಡಲಿಗೆ.
ಆಚಾರಿ ಬೈಯಲಿಲ್ಲ. ಒಂದು ತೊಟ್ಟು ತೆಗೆದು
ನನ್ನ ಹೆಬ್ಬೆರಳಿಗೆ ಉಜ್ಜಿದ.
ಮರಳು ಹತ್ತಿದಂತಾಯಿತು. ರಾತ್ರಿ ಊಟದಲ್ಲೂ ಅದೇ.

ಇನ್ನೊಮ್ಮೆ, ಇಪ್ಪತ್ತೊಂದನೇ ತಿರುವು.
‘ಏನೋ ಸೀಟಿ ಹೊಡೀತದ’ ಅಂದಳು ದುಂಡಮ್ಮ.
ನನಗೆ ಕೇಳಲಿಲ್ಲ; ನನ್ನ ಎಡಗಿವಿಯನ್ನು
ಈ ಎಂಜಿನ್ನೇ ತಿಂದು ಯಾವ ಕಾಲವಾಯಿತು.
ಗಾಳಿಯ ರಬ್ಬರ್ ಪೈಪಿನಲ್ಲಿ ಕೂದಲಷ್ಟು ಸೀಳು, ಸಡಿಲ ಕ್ಲಿಪ್ಪು.
ನೂರಾ ತೊಂಬತ್ತು ರೂಪಾಯಲ್ಲಿ ಮುಗಿಯಿತು.

ಕೆಟ್ಟು ನಿಂತ ಗಾಡಿಗಾದರೆ ಕತೆಯುಂಟು.
ಒಂಬತ್ತನೇ ತಿರುವಿನಲ್ಲಿ ಸಿದ್ಮಾದನ ವ್ಯಾನು ಹೊಗೆ ಉಗುಳಿ ಸತ್ತದ್ದು,
ಆನೆ ಬಂದು ಹೂಕೋಸು ಮೂಸಿ, ಬೇಡವೆಂದು ಹೋದದ್ದು,
ನಾಲ್ಕು ವರ್ಷದಿಂದ ಚಾ ಅಂಗಡಿಯಲ್ಲಿ ಓಡುತ್ತಿದೆ,
ಆನೆ ವರ್ಷಕ್ಕೊಂದು ಮೊಳ ಬೆಳೆಯುತ್ತಿದೆ.
ನನ್ನದು ಏರಿತು, ಇಳಿಯಿತು.
ಇದನ್ನು ಯಾರಿಗೆ ಹೇಳಲಿ?

ನೋಟಿನ ಹಿಂದೊಂದು ದಿನ ದುಂಡಮ್ಮ ಲೆಕ್ಕ ಬರೆದಳು:
ದಿಂಬದಲ್ಲೊಮ್ಮೆ, ಮನೆಮುಂದೊಮ್ಮೆ, ಎರಡೆರಡು ನಿಮಿಷ.
ವರ್ಷಕ್ಕೆ ಕೂಡಿದರೆ ಒಂದು ಹಗಲು, ಒಂದು ರಾತ್ರಿ.
‘ಒಂದಿನ ಪೂರಾ ನಿಂತ ಗಾಡೀಲಿ ಕೂತಿರ್ತೀವಿ ಕಣಾ,
ಯಾವ ಹಬ್ಬದಲ್ಲೂ ಅಷ್ಟೊತ್ತು ಕೂತವರಲ್ಲ.’

ನಿಜ. ವ್ಯಾನಿನ ಕಂತು ಮುಗಿದದ್ದನ್ನು
ನಾನು ಹೇಳಿದ್ದು ಆ ದಿನದೊಳಗೆ.
ತವರಿನ ತುಂಡು ಹೊಲ ತಮ್ಮನಿಗೇ ಬಿಟ್ಟದ್ದನ್ನು
ಅವಳು ಹೇಳಿದ್ದೂ.
ಮೂರು ವಾರ ಮಾತು ಬಿಟ್ಟಿದ್ದಾಗ
ಅದೇ ಎರಡು ನಿಮಿಷ ಗೇಜಿನ ಮುಳ್ಳು ನೋಡುತ್ತ ಕೂತೆವು,
ಇಪ್ಪತ್ತೆರಡನೇ ದಿನ ಅವಳೇ ಕೇಳಿದಳು,
‘ಆಯಿಲು ಯಾವತ್ತು ಬದಲಾಯಿಸ್ಬೇಕು?’

ಇವತ್ತು ಮಂಜು. ಎದುರಿನ ಬೋರ್ಡು ಕಾಣದು.
ಚಾ ಹುಡುಗ ಎರಡು ಲೋಟ ಹಿಡಿದು ದೂರದಲ್ಲೇ ನಿಂತಿದ್ದಾನೆ,
ನಮ್ಮ ಪದ್ಧತಿ ಅವನಿಗೆ ಗೊತ್ತು.
ಸೀಟಿನಡಿಯ ನಡುಕ ನಿಧಾನ ತಗ್ಗುತ್ತಿದೆ.
ನನ್ನ ಕೈ ಚಾವಿಯ ಮೇಲೆ.
ಅವಳು ಕಿವಿಗೊಟ್ಟು ಕೂತಿದ್ದಾಳೆ:

‘ಒಸಿ ತಡಿ,
ಇನ್ನೂ ತಿರುಗ್ತಾ ಅದ.’