ನಲವತ್ತು ಪುಟಕ್ಕೆ ಕಡಿಮೆಯಿಲ್ಲದಂತೆ

ಸಭೆ ಶುರುವಾದದ್ದು ಮೂರೂ ಹತ್ತಕ್ಕೆ.
ನಡಾವಳಿ ಬರೆಯುವವಳು ನಾನು, ಇಪ್ಪತ್ತೆರಡು ವರ್ಷದಿಂದ.
ಹಬೆಯ ಕೊಳವೆ ಗೋಡೆಯೊಳಗೆ ಕೆಮ್ಮುತ್ತಿತ್ತು.
ಕಿಟಕಿಯಾಚೆ ಸುಪೀರಿಯರ್ ಸರೋವರ
ನಮಗೆ ಬೆನ್ನು ಹಾಕಿ ಕೂತಿತ್ತು, ಬೂದಿ ಬಣ್ಣದ್ದು,
ಅದರ ಮೇಲೆ ಅದಿರಿನ ಹಡಗೊಂದು
ಹೋಗುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ.

ವಿಷಯ ನಾಲ್ಕು: ಅರ್ಥಶಾಸ್ತ್ರ, ಅಂತಿಮ ವರ್ಷದ ಸಂಶೋಧನೆ,
ನಿಯಮಗಳ ಪರಿಷ್ಕರಣೆ.

ಹಳೆಯದು ಹೀಗಿತ್ತು:
ಎರಡು ಸೆಮಿಸ್ಟರು, ಸ್ವಂತ ಪ್ರಶ್ನೆ, ಸ್ವಂತ ಅಂಕಿಅಂಶ,
ನಲವತ್ತು ಪುಟಕ್ಕೆ ಕಡಿಮೆಯಿಲ್ಲದಂತೆ.
ಹೊಸದು:
ಒಂದೇ ಸೆಮಿಸ್ಟರು, ಸಿದ್ಧ ಅಂಕಿಅಂಶ,
ಇಪ್ಪತ್ತೈದು ಪುಟ ಮೀರದಂತೆ,
ಜೊತೆಗೊಂದು ಭಿತ್ತಿಪತ್ರ.

ಪ್ರಸ್ತಾವ ತಂದವನು ಅಚಿಯಾಂಪಾಂಗ್.
ಅವನನ್ನು ದೂರುವಂತಿಲ್ಲ.
ಈ ವರ್ಷ ಅವನೊಬ್ಬನ ತಲೆಗೆ ಹತ್ತೊಂಬತ್ತು ಪ್ರಬಂಧ,
ಹೆಂಡತಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ,
ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ
ರಿಗ್ರೆಶನ್ ಹೇಳಿಕೊಟ್ಟದ್ದನ್ನು ನಾನೇ ಕಂಡಿದ್ದೇನೆ.
"ಮಾರ್ಚಿಯಲ್ಲಿ ಅಳುತ್ತಾ ಬರುತ್ತಾರೆ," ಅಂದ,
"ಏನೂ ಸಿಗಲಿಲ್ಲ ಅಂತ. ಏನು ಹೇಳಿ ಕಳಿಸಲಿ?"

ನನ್ನ ಕುರ್ಚಿಯ ಹಿಂದೆ ಕಪಾಟು,
ನೀಲಿ ರಟ್ಟಿನೊಳಗೆ ಹಳೆಯ ಪ್ರಬಂಧಗಳು.
ಒಂದರಲ್ಲಿ ಮೀನಿನ ಬೆಲೆ, ಒಂದರಲ್ಲಿ ಹಾಕಿ ಟಿಕೆಟ್ಟು,
ಒಂದರಲ್ಲಿ ಹಿಮ ಗೋರುವವರ ಕೂಲಿ.
ಯಾರೂ ತೆಗೆದು ಓದಿದ್ದು ಕಾಣೆ,
ಧೂಳು ಒರೆಸುವ ನನ್ನ ಹೊರತು.

ಕೆಟೋಲಾ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು.
ಅವರು ವಾದಕ್ಕಿಳಿಯುವ ರೀತಿ ಅದು.
"ಸಿಗದಿದ್ದದ್ದನ್ನು ಬರೆಯಲೂ ಕಲಿಯಬೇಕಲ್ಲ," ಅಂದರು.
ಯಾರ ಮಾತು ಬರುತ್ತಿದೆ ಅಂತ ಎಲ್ಲರಿಗೂ ಗೊತ್ತು.

ಬ್ರಿನ್ ಲಾಹ್ತಿ.
ಮೂರನೇ ಬೀದಿಯಲ್ಲಿ, ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ
ಹದಿನಾಲ್ಕು ವಾರ ನೋಟ್‌ಬುಕ್ಕು ಹಿಡಿದು ಕೂತವಳು.
ಪ್ರಶ್ನೆ ಇಷ್ಟೇ: ಸಂಬಳದ ಹಿಂದಿನ ದಿನ ಜನ
ಒಣಗಿಸುವ ಕಾಸು ಉಳಿಸಿ
ಒದ್ದೆ ಬಟ್ಟೆಯನ್ನೇ ಮನೆಗೆ ಹೊರುತ್ತಾರೆಯೇ?
ಮುನ್ನೂರ ಹನ್ನೆರಡು ಮಂದಿಯನ್ನು ಕೇಳಿದಳು.
ಒಬ್ಬ ಮುದುಕ, ಮೊದಲು ಟವೆಲ್ಲು ಮಡಚಿಕೊಡು, ಆಮೇಲೆ ಹೇಳ್ತೀನಿ ಅಂದನಂತೆ.
ಮಡಚಿಕೊಟ್ಟಳು.

ಕೊನೆಗೆ ಕೋಷ್ಟಕ ಹಾಕಿದರೆ
ಎಂಟು ಸಾಲು, ಒಂದರ ಪಕ್ಕವೂ ನಕ್ಷತ್ರ ಮೂಡಲಿಲ್ಲ.
(ಗೊತ್ತಿಲ್ಲದವರಿಗೆ: ಇದನ್ನು ನಂಬಬಹುದು ಅನ್ನಲು
ಅಂಕಿಯ ಹೆಗಲಿಗೆ ಹಾಕುವ ಗುರುತು ಅದು.
ನಾನೂ ಟೈಪು ಮಾಡುತ್ತಲೇ ಕಲಿತದ್ದು.)
ಮೋಡ ಕವಿದಿದೆ ಅಂತಲೇ ನಲವತ್ತಮೂರು ಪುಟ ಬರೆದಳು.
ಕೊನೆಯ ಸಾಲು ನನಗೆ ಬಾಯಿಪಾಠ:
ಒದ್ದೆ ಬಟ್ಟೆ ಹೊತ್ತವರನ್ನು ಕಂಡದ್ದು ನಿಜ,
ಹನ್ನೊಂದು ಮಂದಿ. ಲೆಕ್ಕಕ್ಕೆ ಸಾಲರು.

"ಅವಳಿಗೆ ಬಂದ ದರ್ಜೆ?" ಎಂಗ್ ಕೇಳಿದಳು.
ಸಿ ಪ್ಲಸ್.
"ಕೊಟ್ಟವರು?"
ಕೆಟೋಲಾ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

ಆಮೇಲೆ ಹೆಚ್ಚು ಮಾತಾಗಲಿಲ್ಲ.
ಮೂರು ಕೈ ಮೇಲೆ, ಎರಡು ಕೈ ಮೇಜಿನ ಮೇಲೆ.
ನಾನು ಬರೆದೆ: ಚರ್ಚೆಯ ನಂತರ ಅಂಗೀಕರಿಸಲಾಯಿತು.
ಯಾರು ಅಂಗೀಕರಿಸಿದರೆಂದು ಆ ವಾಕ್ಯ ಬಾಯಿ ಬಿಡುವುದಿಲ್ಲ,
ಅದಕ್ಕೆಂದೇ ಹುಟ್ಟಿದ ವಾಕ್ಯ ಅದು.

ಐದಕ್ಕೆಲ್ಲ ಕತ್ತಲು. ಕೈಪಿಡಿ ತಿದ್ದಲು ಕೂತೆ.
ನಲವತ್ತನ್ನು ಇಪ್ಪತ್ತೈದು ಮಾಡಿದೆ,
ಕಡಿಮೆಯಿಲ್ಲದಂತೆ ಅಳಿಸಿ ಮೀರದಂತೆ ಅಂತ ಹೊಡೆದೆ.
ಅರ್ಧ ನಿಮಿಷದ ಕೆಲಸ.
ನೆಲವಾಗಿದ್ದದ್ದು ಸೂರಾಯಿತು.
ಇನ್ನು ಬರುವ ಮಕ್ಕಳು
ಸ್ವಲ್ಪ ತಲೆ ತಗ್ಗಿಸಿ ನಡೆದರೆ ಸರಿ,
ಅಚಿಯಾಂಪಾಂಗನಿಗೂ ಒಂದಿಷ್ಟು ನಿದ್ದೆ.

ಮನೆಗೆ ಹೋಗುತ್ತಾ ಮೂರನೇ ಬೀದಿಯಲ್ಲಿ ಕಾರು ನಿಧಾನಿಸಿದೆ.
ಗುರುವಾರ. ಗಣಿಯವರಿಗೆ ಸಂಬಳ ನಾಳೆ.
ಹೆಂಗಸೊಬ್ಬಳು ಬುಟ್ಟಿಯನ್ನು ಸೊಂಟಕ್ಕೇರಿಸಿ
ಭುಜದಿಂದ ಬಾಗಿಲು ತಳ್ಳಿ ಹೊರಬಂದಳು,
ಬುಟ್ಟಿಯ ತಳದಿಂದ ತೊಟ್ಟಿಕ್ಕಿದ ನೀರು
ಅವಳ ಹಿಂದೆಯೇ ಹೆಪ್ಪುಗಟ್ಟುತ್ತಿತ್ತು.

ಹನ್ನೆರಡು, ಅಂದೆ,
ಕಾರಿನೊಳಗೆ ಒಬ್ಬಳೇ.