ಓದಿದ ಗುರುತು

ಗ್ರಿಮ್ಸ್‌ಬಿಯ ಹಳೆ ಮಾರುಕಟ್ಟೆಯ ಹಿಂದೆ
ಬಾಡಿಗೆದಾರರ ಸಲಹಾ ಕೇಂದ್ರ.
ಕೆಟಲ್ ಮೇಲಿನ ಗೋಡೆಗೆ ಹಳದಿ ಚೀಟಿ,
ಅದರಲ್ಲಿ ಪಾಸ್‌ವರ್ಡು: ಒಂದು ಮೀನಿನ ಹೆಸರು, ಪಕ್ಕದಲ್ಲಿ ಒಂದು.
ಆವಿಗೆ ಅಂಚು ಸುರುಟಿದೆ.
ಒಂಬತ್ತು ವರ್ಷದಿಂದ ಅದೇ ಬೀಗ, ಅದೇ ಬೀಗದ ಕೈ,
ಬಂದವರು ಹೋದವರ ಬಾಯಲ್ಲೆಲ್ಲ ಅದೇ ಮೀನು.

ಜನವರಿಯಲ್ಲಿ ಒಂದು ಪತ್ರ ಬಂದಿತ್ತಂತೆ
‘ಸಹಾಯ’ ಎಂಬ ಹಂಚಿಕೆಯ ಪೆಟ್ಟಿಗೆಗೆ,
ರಾತ್ರಿ ಹನ್ನೊಂದು ನಲವತ್ತಕ್ಕೆ:
ಬಾಯ್ಲರ್ ಕೆಟ್ಟು ಆರು ದಿನ, ಮಗುವಿಗೆ ಕೆಮ್ಮು,
ಮಾಲೀಕ ಫೋನ್ ಎತ್ತುತ್ತಿಲ್ಲ.
ಯಾರೋ ಓದಿದರು. ಇನ್ಯಾರೋ ನೋಡಿಕೊಳ್ಳುತ್ತಾರೆ ಅಂದುಕೊಂಡರು.
ಬೆಳಿಗ್ಗೆ ಹಲೀನಾ ತೆರೆದಾಗ
ದಪ್ಪಕ್ಷರ ಇಳಿದು ತೆಳ್ಳಗಾಗಿತ್ತು.
ತೆಳ್ಳಗಾದದ್ದು ಮುಗಿದದ್ದು, ಅದು ಅಲ್ಲಿಯ ಲೆಕ್ಕ.
ಏಳೂರಿನ ನೆಂಟ ಉಪವಾಸ ಮಲಗಿದ.

ಹದಿನೇಳು ದಿನ.
ಮಗು ಈಗ ಚೆನ್ನಾಗಿದೆ, ಮೊದಲೇ ಹೇಳಿಬಿಡುತ್ತೇನೆ.
ಕವಿತೆಗೆಂದು ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲಾರೆ.

‘ಯಾರು ಓದಿದ್ದು, ನಿನ್ನ ಸರ್ವರ್ ಹೇಳಲಿ,’ ಎಂದಳು ಮಾವಿಸ್.
ದಾಖಲೆ ತೆರೆದು ತೋರಿಸಿದೆ:
ಸಹಾಯ ಬಂದಳು. ಸಹಾಯ ಓದಿದಳು. ಸಹಾಯ ಹೋದಳು.
ಆ ಹೆಸರಿನವರು ಯಾರೂ ಕೋಣೆಯಲ್ಲಿರಲಿಲ್ಲ.
ಡೆರಿಕ್ ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು
ಸುಮ್ಮನೆ ತಿರುಗಿಸುತ್ತ ಕೂತಿದ್ದ.

ಚೀಟಿ ಕಂಡವರನ್ನೆಲ್ಲ ಬೆರಳು ಮಡಚಿ ಎಣಿಸಿದೆವು,
ನಲವತ್ತೊಂದು.
ಅದರಲ್ಲೊಬ್ಬ ಈಗ
ಆ ಬಾಯ್ಲರಿನ ಮಾಲೀಕನ ಬಳಿಯೇ ಗುಮಾಸ್ತ.
ಆಗ ಮಾತ್ರ ಮಾವಿಸ್ ಎದ್ದು ಬಾಗಿಲು ಹಾಕಿದಳು,
ಬಾಗಿಲಲ್ಲೇನೋ ಇದೆ ಎಂಬಂತೆ.

ಆಮೇಲೆ ಕೆಲಸ.
‘ಸಹಾಯ’ ಇನ್ನು ತಾನಾಗಿ ಒಳಗೆ ಬರುವಂತಿಲ್ಲ,
ಅವಳ ಪಾಸ್‌ವರ್ಡಿನ ಜಾಗದಲ್ಲಿ
ಯಾವ ಕೈಗೂ ಹೊಂದದ ಒಂದು ನಕ್ಷತ್ರ ಚಿಹ್ನೆ.
ಬರುವವರು ತಮ್ಮ ತಮ್ಮ ಹೆಸರಿನಲ್ಲೇ ಬರಬೇಕು,
ವಠಾರಕ್ಕೆ ಅಂಗಳ ಒಂದೇ, ಬೀಗ ಮನೆಮನೆಗೆ ಬೇರೆ.
ಹಕ್ಕುಗಳ ಸಣ್ಣ ಫೈಲು, ಹಕ್ಕಿಗೊಂದಕ್ಷರ:
ಎಲ್ ಇದ್ದರೆ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ,
ಆರ್ ಇದ್ದರೆ ಓದಬಹುದು, ಟಿ ಎಂದರೆ ಅಳಿಸುವ ಕೈ.
ಅರವತ್ತು ದಾಟಿದ ಇಬ್ಬರಿಗೆ
ಅಕ್ಕಿಯ ತಟ್ಟೆಯಿಲ್ಲದ ಅಕ್ಷರಾಭ್ಯಾಸ.
ಟಿ ಯಾರಿಗೂ ಕೊಡಲಿಲ್ಲ.
ಮಾವಿಸ್‌ಗೂ ಇಲ್ಲ. ಮುಖ ಊದಿಸಿಕೊಂಡಳು,
ಚಹಾ ಮಾತ್ರ ಮಾಡಿಕೊಟ್ಟಳು, ಸಕ್ಕರೆ ಮರೆತು.

ಕತ್ತಲಾದ ಮೇಲೆ ಇನ್ನೊಂದೇ ಸಾಲು ಸೇರಿಸಿದೆ:
ಓದಿದ ಗುರುತು ಅವರವರದು.
ಡೆರಿಕ್ ಓದಿದರೆ ಡೆರಿಕ್‌ಗೆ ಮಾತ್ರ ತೆಳು,
ಹಲೀನಾಳ ಪರದೆಯಲ್ಲಿ ಪತ್ರ ಇನ್ನೂ ದಪ್ಪ,
ಇನ್ನೂ ಬಾಗಿಲು ಬಡಿಯುತ್ತಲೇ ಇದೆ.
ಉತ್ತರ ಕೊಟ್ಟ ಗುರುತು ಎಲ್ಲರಿಗೂ ಕಾಣುತ್ತದೆ.

ಪರೀಕ್ಷೆಗೆಂದು ನಾನೇ ಒಂದು ಪತ್ರ ಕಳಿಸಿದೆ,
ಬರೆದದ್ದು ಬರೀ ‘ಯಾರಾದರೂ ಇದ್ದೀರಾ.’
ಮೂರು ಪರದೆಗಳಲ್ಲಿ ಮೂರು ಸಲ ಹೊಸದಾಗಿ ಬಂತು.
ಡೆರಿಕ್ ಅದನ್ನೇ ನೋಡುತ್ತ,
‘ಅವತ್ತು ಓದಿದ್ದು ನಾನು’ ಎಂದ.
ಗೊತ್ತಿತ್ತು ಎನ್ನಲಿಲ್ಲ ಯಾರೂ. ಗೊತ್ತಿರಲಿಲ್ಲ ಎಂದೂ.

ಚೀಟಿ ಕಿತ್ತ ಜಾಗದಲ್ಲಿ
ಗೋಡೆಯ ಹಳೆ ಬಣ್ಣ ಚೌಕಾಕಾರ ಉಳಿದಿತ್ತು.
ನಾನು ಕೋಟು ಹಾಕಿಕೊಳ್ಳುವಷ್ಟರಲ್ಲಿ
ಮಾವಿಸ್ ಹೊಸ ಹಳದಿ ಕಾಗದದ ಮೇಲೆ
ಏನೋ ಬರೆಯುತ್ತಿದ್ದಳು.
‘ಮಾವಿಸ್,’ ಎಂದೆ.
‘ಹಾಲು ತರಬೇಕು, ಅಷ್ಟೇ,’ ಎಂದು
ಅಂಗೈಯಿಂದ ಮುಚ್ಚಿಕೊಂಡಳು.